ಸಂಪಾದಕರ ಉತ್ತರ: ಹಾಲೆಪ್ ಸೋತ ಐದು ವರ್ಷಗಳು

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಮಗಳಿಗೆ ಹದಿನೇಳು. ಹದಿನಾರರೊಳಗಿನವರ ಟೂರ್ನಿಗಳಲ್ಲಿ ಗೆಲ್ಲುತ್ತಿದ್ದವಳು ಈಗ ದೊಡ್ಡವರೆದುರು ಮೊದಲ ಸುತ್ತಿನಲ್ಲೇ ಸೋಲುತ್ತಿದ್ದಾಳೆ. ಟೆನಿಸ್ ಬಿಡಿಸಿ, ಪಿಯುಸಿ ಓದಿಸಿ ಎಂದು ಬಂಧುಗಳು ಹೇಳುತ್ತಾರೆ. ಸಿಮೋನಾ ಹಾಲೆಪ್ 2008ರಲ್ಲಿ ಬಾಲಕಿಯರ ಫ್ರೆಂಚ್ ಓಪನ್ ಗೆದ್ದರು, ಆಮೇಲೆ ಒಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ವಿಶ್ವದ ಅಗ್ರ ಆಟಗಾರ್ತಿಯಾದರು ಎಂದು ಎಲ್ಲೆಡೆ ಓದಿದ್ದೇನೆ. ನಡುವಿನ ವರ್ಷಗಳಲ್ಲಿ ಅವರು ಏನು ಮಾಡುತ್ತಿದ್ದರು?’

ತಾಯಿಯವರೇ, ಈ ಪ್ರಶ್ನೆಯನ್ನು ಕ್ರೀಡಾ ವರದಿಗಾರರೂ ಕೇಳುವುದು ಕಡಿಮೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಹಾಲೆಪ್ ಆ ವರ್ಷಗಳಲ್ಲಿ ಹೆಚ್ಚಾಗಿ ಸೋಲುತ್ತಿದ್ದರು. ವಿವರವಾಗಿ ಬರೆಯುತ್ತೇನೆ.

ಹಾಲೆಪ್ ಹುಟ್ಟಿದ್ದು 1991ರಲ್ಲಿ, ಕಪ್ಪು ಸಮುದ್ರದ ದಡದಲ್ಲಿರುವ ರೊಮೇನಿಯಾದ ಬಂದರು ನಗರ ಕಾನ್‌ಸ್ಟಾಂಟ್ಸಾದಲ್ಲಿ. ನಾಲ್ಕನೇ ವಯಸ್ಸಿನಲ್ಲಿ ಅಣ್ಣನ ಬೆನ್ನು ಹತ್ತಿ ಅಂಕಣಕ್ಕೆ ಬಂದರು. ಹದಿನಾರನೇ ವಯಸ್ಸಿಗೆ ಮನೆ ಬಿಟ್ಟು ತರಬೇತಿಗಾಗಿ ರಾಜಧಾನಿ ಬುಕಾರೆಸ್ಟ್ ಸೇರಿದರು. 2008ರಲ್ಲಿ ಪ್ಯಾರಿಸ್‌ನಲ್ಲಿ ಬಾಲಕಿಯರ ಪ್ರಶಸ್ತಿ ಗೆದ್ದಾಗ ಫೈನಲ್‌ನಲ್ಲಿ ಎದುರಾಳಿಯಾಗಿದ್ದ ಎಲೆನಾ ಬೊಗ್ಡಾನ್ ಕೂಡ ರೊಮೇನಿಯಾದವರೇ. ಅದೇ ವರ್ಷ ಹಾಲೆಪ್ ಜೂನಿಯರ್ ವಿಭಾಗದ ವಿಶ್ವದ ಅಗ್ರಸ್ಥಾನಕ್ಕೇರಿದರು.

ಆದರೆ ಜೂನಿಯರ್ ಅಂಕಗಳು ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆ ಡಬ್ಲ್ಯುಟಿಎಯ ರ‍್ಯಾಂಕಿಂಗ್‌ನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಮತ್ತೆ ಕೆಳಗಿನಿಂದ ಹತ್ತಬೇಕು: ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ (ಐಟಿಎಫ್) ಸಣ್ಣ ಬಹುಮಾನದ ಟೂರ್ನಿಗಳು, ಅರ್ಹತಾ ಸುತ್ತುಗಳು, ಹತ್ತು ವರ್ಷ ದೊಡ್ಡವರಾದ ಎದುರಾಳಿಗಳು. 2010ರಲ್ಲಿ ಹಾಲೆಪ್ ಫ್ರೆಂಚ್ ಓಪನ್‌ನ ಮಹಿಳೆಯರ ಪ್ರಧಾನ ಸುತ್ತಿಗೆ ಬಂದರು. ಮೊದಲ ಪಂದ್ಯದಲ್ಲೇ ಸಮಂತಾ ಸ್ಟೋಸರ್ ಎದುರು 5-7, 1-6ರಿಂದ ಸೋತರು. ಆ ಸಲ ಸ್ಟೋಸರ್ ಫೈನಲ್‌ವರೆಗೂ ಹೋದರು. ಅಮೆರಿಕ ಓಪನ್‌ನಲ್ಲಿ ಯೆಲೆನಾ ಯಾಂಕೊವಿಚ್ ಅವರನ್ನು ಮೂರನೇ ಸೆಟ್‌ವರೆಗೆ ಎಳೆದೊಯ್ದು 5-7ರಲ್ಲಿ ಕೈಚೆಲ್ಲಿದರು. 2011ರ ವಿಂಬಲ್ಡನ್‌ನಲ್ಲಿ ಸೆರೆನಾ ವಿಲಿಯಮ್ಸ್ ಅವರಿಂದ ಮೊದಲ ಸೆಟ್ ಕಸಿದುಕೊಂಡರೂ ಪಂದ್ಯ ಉಳಿಯಲಿಲ್ಲ. ಮೊರಾಕ್ಕೊದ ಫೆಸ್‌ನಲ್ಲಿ 2010 ಮತ್ತು 2011ರಲ್ಲಿ, ಬ್ರಸೆಲ್ಸ್‌ನಲ್ಲಿ 2012ರಲ್ಲಿ ಫೈನಲ್ ತಲುಪಿದರು, ಮೂರರಲ್ಲೂ ಸೋತರು. ರ‍್ಯಾಂಕಿಂಗ್ ಐವತ್ತರ ಆಸುಪಾಸಿಗೆ ಬಂದು ಅಲ್ಲೇ ನಿಂತುಬಿಟ್ಟಿತು.

ಬಾಲಕಿಯಾಗಿ ಗೆದ್ದ ಅದೇ ಪ್ಯಾರಿಸ್‌ನಲ್ಲಿ, 2010ರಿಂದ 2013ರವರೆಗಿನ ನಾಲ್ಕು ಫ್ರೆಂಚ್ ಓಪನ್‌ಗಳಲ್ಲಿ ಪ್ರಧಾನ ಸುತ್ತಿನಲ್ಲಿ ಅವರು ಗೆದ್ದದ್ದು ಒಂದೇ ಒಂದು ಪಂದ್ಯ. ನಿಮ್ಮ ಬಂಧುಗಳಿಗೆ ಈ ಒಂದು ಸಂಗತಿಯನ್ನು ದಯವಿಟ್ಟು ಓದಿ ಹೇಳಿ.

ಶಸ್ತ್ರಚಿಕಿತ್ಸೆಯ ವಿಷಯ. 2009ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ ಅವರು ಸ್ತನಗಳ ಗಾತ್ರ ಕಡಿಮೆ ಮಾಡಿಸಿಕೊಂಡದ್ದು ನಿಜ. ಆಟಗಾರ್ತಿ ಆಗದಿದ್ದರೂ ಅದನ್ನು ಮಾಡಿಸಿಕೊಳ್ಳುತ್ತಿದ್ದೆ ಎಂದು ಅವರೇ ಹೇಳಿದ್ದಾರೆ. ಆಟಕ್ಕೂ ಅದರಿಂದ ಅನುಕೂಲವಾಗಿರಬಹುದು. ಆದರೆ ಅದಾದ ಮೇಲೂ ಮೊದಲ ಪ್ರಶಸ್ತಿಗೆ ನಾಲ್ಕು ವರ್ಷ ಬೇಕಾಯಿತು. ಒಬ್ಬ ಹೆಣ್ಣುಮಗಳ ಇಷ್ಟು ವರ್ಷಗಳ ದುಡಿಮೆಯನ್ನು ಆಕೆಯ ದೇಹದ ಕಥೆಯಾಗಿ ಇಳಿಸಿ ಬರೆಯುವುದು ನನಗೆ ಒಂದಿಷ್ಟೂ ಒಪ್ಪಿಗೆಯಿಲ್ಲ.

2013ರ ಮೇ ತಿಂಗಳಲ್ಲಿ 64ನೇ ರ‍್ಯಾಂಕಿಂಗ್‌ನ ಹಾಲೆಪ್ ರೋಮ್ ಟೂರ್ನಿಗೆ ಅರ್ಹತಾ ಸುತ್ತಿನ ಮೂಲಕ ಬಂದರು. ಬ್ರಸೆಲ್ಸ್ ಫೈನಲ್‌ನಲ್ಲಿ ತಮ್ಮನ್ನು ಸೋಲಿಸಿದ್ದ ಅಗ್ನಿಯೆಷ್ಕಾ ರಾದ್ವಾನ್ಸ್ಕಾ ಅವರನ್ನು ಇಲ್ಲಿ ಮಣಿಸಿದರು. ಯಾಂಕೊವಿಚ್ ಅವರನ್ನೂ ಸೋಲಿಸಿ ಸೆಮಿಫೈನಲ್ ಸೇರಿದರು. ಅಲ್ಲಿ ಸೆರೆನಾ 6-3, 6-0ರಿಂದ ನಿಲ್ಲಿಸಿದರು. ಇನ್ನೇನು ದಾರಿ ತೆರೆಯಿತು ಎಂದುಕೊಂಡರೆ, ಮರುವಾರವೇ ಶುರುವಾದ ಫ್ರೆಂಚ್ ಓಪನ್‌ನಲ್ಲಿ ಮತ್ತೆ ಮೊದಲ ಸುತ್ತಿನ ಸೋಲು! ಜೂನ್ ನಡುವಿನಲ್ಲಿ ನ್ಯೂರೆಂಬರ್ಗ್‌ನ ಆವೆಮಣ್ಣಿನ ಅಂಕಣದಲ್ಲಿ ಆಂಡ್ರಿಯಾ ಪೆಟ್ಕೊವಿಚ್ ಅವರನ್ನು 6-3, 6-3ರಿಂದ ಸೋಲಿಸಿ ಮೊದಲ ಡಬ್ಲ್ಯುಟಿಎ ಪ್ರಶಸ್ತಿ ಗೆದ್ದರು. ಮರುವಾರ ನೆದರ್ಲೆಂಡ್ಸ್‌ನ ಹುಲ್ಲಿನ ಅಂಕಣದಲ್ಲಿ ಎರಡನೆಯದು. ಆಮೇಲೆ ಬುಡಾಪೆಸ್ಟ್, ನ್ಯೂ ಹೇವನ್, ಮಾಸ್ಕೋ, ಸೋಫಿಯಾ. ಮಾಸ್ಕೋ ಮತ್ತು ಸೋಫಿಯಾ ಫೈನಲ್‌ಗಳೆರಡರಲ್ಲೂ ಎದುರಿಗಿದ್ದವರು 2010ರಲ್ಲಿ ಪ್ಯಾರಿಸ್‌ನಲ್ಲಿ ಸೋಲಿಸಿದ್ದ ಅದೇ ಸ್ಟೋಸರ್. ತನ್ನ ಮೊದಲ ಆರು ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಗೆದ್ದವರು 1986ರ ಸ್ಟೆಫಿ ಗ್ರಾಫ್ ನಂತರ ಬೇರೆ ಯಾರೂ ಇರಲಿಲ್ಲ.

ಹಾಲೆಪ್ ಎತ್ತರ 1.68 ಮೀಟರ್. ಸರ್ವ್‌ನಿಂದಲೇ ಪಾಯಿಂಟ್ ಕೀಳುವ ಮೈಕಟ್ಟು ಅವರದಲ್ಲ. ಹಿಂಗೆರೆಗೆ (ಬೇಸ್‌ಲೈನ್‌ಗೆ) ಅಂಟಿಕೊಂಡು ನಿಂತು, ಚೆಂಡು ಪುಟಿದು ಏರುತ್ತಿರುವಾಗಲೇ ಹೊಡೆದು, ರ‍್ಯಾಲಿಯ ನಡುವೆ ಥಟ್ಟನೆ ಬ್ಯಾಕ್‌ಹ್ಯಾಂಡನ್ನು ಪಕ್ಕದ ಗೆರೆಗುಂಟ ನೇರವಾಗಿ ಕಳಿಸುವುದು ಅವರ ಆಟವಾಗಿತ್ತು. ಇಂಥ ಆಟ ಕಾಲಿನ ಓಟವನ್ನೂ ಎದುರಾಳಿಯ ಆಟವನ್ನು ಮೊದಲೇ ಗ್ರಹಿಸುವ ಚುರುಕನ್ನೂ ಬೇಡುತ್ತದೆ. ನುರಿತವರ ಎದುರು ಆಡಿ ಸೋಲದೆ ಅದು ಪಕ್ವವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2014ರಲ್ಲಿ ಫ್ರೆಂಚ್ ಓಪನ್ ಫೈನಲ್, 2017ರಲ್ಲಿ ವಿಶ್ವದ ಅಗ್ರಸ್ಥಾನ, 2018ರಲ್ಲಿ ಪ್ಯಾರಿಸ್ ಕಿರೀಟ, 2019ರಲ್ಲಿ ವಿಂಬಲ್ಡನ್ ಎಲ್ಲವೂ ನಿಮಗೆ ಗೊತ್ತೇ ಇದೆ.

ಆದರೆ ನಿಮ್ಮ ಮಗಳೂ ಹಾಲೆಪ್ ಆಗುತ್ತಾಳೆ ಎಂದು ನಾನು ಬರೆಯಲಾರೆ. ಅದೇ ರೊಮೇನಿಯಾದ ಫ್ಲೊರಿನ್ ಮೆರ್ಜಿಯಾ 2003ರಲ್ಲಿ ವಿಂಬಲ್ಡನ್ ಬಾಲಕರ ಸಿಂಗಲ್ಸ್ ಚಾಂಪಿಯನ್. ದೊಡ್ಡವರ ಸಿಂಗಲ್ಸ್‌ನಲ್ಲಿ ಅವರ ಹೆಸರು ಮೇಲೆ ಬರಲೇ ಇಲ್ಲ. ಅವರ ಕೈಹಿಡಿದದ್ದು ಡಬಲ್ಸ್. 2015ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ಜತೆಗೂಡಿ ಮ್ಯಾಡ್ರಿಡ್ ಮಾಸ್ಟರ್ಸ್ ಗೆದ್ದರು, ವಿಂಬಲ್ಡನ್ ಸೆಮಿಫೈನಲ್ ಆಡಿದರು. ಜೂನಿಯರ್ ಗೆಲುವಿನಿಂದ ಹೊರಡುವ ದಾರಿಗಳು ಹಲವು, ಯಾವುದು ಯಾರದು ಎಂದು ಹದಿನೇಳಕ್ಕೆ ಗೊತ್ತಾಗುವುದಿಲ್ಲ.

ಪಿಯುಸಿ ಖಂಡಿತ ಮುಗಿಸಲಿ. ಆದರೆ ಟೆನಿಸ್ ಬಿಡಿಸುವ ತೀರ್ಮಾನಕ್ಕೆ ಕಳೆದ ಎರಡು ಋತುಗಳ ಸೋಲಿನ ಸಂಖ್ಯೆಯನ್ನಷ್ಟೇ ಆಧಾರ ಮಾಡಿಕೊಳ್ಳಬೇಡಿ. ಅವಳ ಸ್ಕೋರ್‌ಗಳನ್ನು ತೆಗೆದು ನೋಡಿ. 1-6, 2-6 ಇದ್ದದ್ದು 4-6, 5-7 ಆಗುತ್ತಿದೆಯೇ? ಸೋಲಿಸಿದವಳ ಆಟದ ಬಗ್ಗೆ ಮನೆಗೆ ಬಂದು ಮಾತನಾಡುತ್ತಾಳೆಯೇ? ಎರಡಕ್ಕೂ ಉತ್ತರ ಹೌದು ಎಂದಾದರೆ, ಅವಳನ್ನು ಇನ್ನೂ ಎರಡು ವರ್ಷ ಆಡಲು ಬಿಡಿ.