ನೋ ಪ್ರಾಕ್ಸಿ ಮೊದಲು ಬರೆಯಿರಿ, ಪ್ರಾಕ್ಸಿ ಆಮೇಲೆ

ಪುಣೆಯ ಹಿಂಜವಡಿ ಆಫೀಸಿನ ಲ್ಯಾಬ್‌ನಲ್ಲಿ, ಪ್ರಾಕ್ಸಿಯ (ಹೊರಗಿನ ಇಂಟರ್ನೆಟ್‌ಗೆ ಹೋಗಲು ದಾಟಬೇಕಾದ ಮಧ್ಯದ ಸರ್ವರ್) ಹಿಂದೆ ಮೂರು ನೋಡ್‌ನ, ಅಂದರೆ ಮೂರು ಯಂತ್ರಗಳ, ಕುಬರ್ನೆಟೀಸ್ (ಕಂಟೈನರ್‌ಗಳನ್ನು ಹಲವು ಯಂತ್ರಗಳಲ್ಲಿ ಓಡಿಸುವ ವ್ಯವಸ್ಥೆ) ಕ್ಲಸ್ಟರ್ ಹಾಕಿರುವ ಸರ್, ನಿಮ್ಮ ಸ್ಕ್ರೀನ್‌ಶಾಟ್ ನೋಡಿದ ಕೂಡಲೇ ಬರೆಯಲು ಕೂತೆ. ಕರ್ಲ್ (ಕಮಾಂಡ್‌ನಿಂದ ಸೈಟ್ ತೆರೆಯುವ ಪ್ರೋಗ್ರಾಂ) ಹೊಡೆದರೆ ಹೊರಗಿನ ಸೈಟ್ ಸಿಗುತ್ತದೆ, ಪಾಡ್ (ಒಟ್ಟಿಗೆ ಓಡುವ ಕಂಟೈನರ್‌ಗಳ ಗುಂಪು) ಮಾತ್ರ ಇಮೇಜ್‌ಪುಲ್‌ಬ್ಯಾಕ್‌ಆಫ್, ಅಂದರೆ ಇಮೇಜ್ ಎಳೆಯಲಾಗದ ಸ್ಥಿತಿ, ಬಿಟ್ಟು ಕದಲುತ್ತಿಲ್ಲ, 407 ಎರರ್ (ಪ್ರಾಕ್ಸಿ ಲಾಗಿನ್ ಒಪ್ಪಲಿಲ್ಲ ಅಂತ) ಬರುತ್ತಿದೆ ಅಂತ ಕೇಳಿದ್ದೀರಿ. ಅದಕ್ಕೆ ಇಬ್ಬರು "ಎಟ್ಸಿ ಎನ್ವಿರಾನ್ಮೆಂಟ್ ಫೈಲಿಗೆ ಪ್ರಾಕ್ಸಿ ಹಾಕಿ, ಕ್ಲಸ್ಟರ್ ರೀಸೆಟ್ ಮಾಡಿ, ಮತ್ತೆ ಇನಿಟ್ ಕೊಡಿ" ಅಂದಿದ್ದಾರೆ. ದಯವಿಟ್ಟು ಬೇಡ. ಅದೇ ದಾರಿಯಲ್ಲಿ ಹೋಗಿ ನಾವು ಪಟ್ಟ ಪಾಡು ಕೆಳಗೆ ಬರೆದಿದ್ದೇನೆ.

ಅದಕ್ಕೂ ಮೊದಲು ಇನ್ನೊಂದು ಮಾತು. ಆ ಸ್ಕ್ರೀನ್‌ಶಾಟ್‌ನಲ್ಲಿ ಪ್ರಾಕ್ಸಿ ಪಾಸ್‌ವರ್ಡ್ ಪೂರ್ತಿ ಕಾಣುತ್ತಿದೆ. ಈಗಲೇ ಬದಲಾಯಿಸಿ. ಪೋಸ್ಟ್ ಅಳಿಸಿದರೆ ಸಾಲದು, ಗುಂಪಿನಲ್ಲಿ ಎಷ್ಟು ಜನ ನೋಡಿದ್ದಾರೋ ಏನೋ.

ಈಗ ವಿಷಯಕ್ಕೆ. ಇಮೇಜ್ ಎಳೆಯುವುದು ನಿಮ್ಮ ಶೆಲ್ (ಕಮಾಂಡ್ ಕೊಡುವ ಜಾಗ) ಅಲ್ಲ, ಕ್ಯೂಬ್‌ಲೆಟ್ (ಪ್ರತಿ ನೋಡ್‌ನಲ್ಲಿ ಪಾಡ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಕೂಡ ಅಲ್ಲ. ಕಂಟೈನರ್‌ಡಿ. ಕಂಟೈನರ್ ಓಡಿಸುವ ಅದು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸುವ ವ್ಯವಸ್ಥೆ) ಸರ್ವಿಸ್, ಶೆಲ್‌ನ ಸೆಟ್ಟಿಂಗ್ ಫೈಲ್ ಆದ ಬ್ಯಾಷ್‌ಆರ್‌ಸಿಯಲ್ಲಿ ನೀವು ಎಷ್ಟು ಎಕ್ಸ್‌ಪೋರ್ಟ್ ಬರೆದರೂ ಅದಕ್ಕೆ ಗೊತ್ತಾಗುವುದಿಲ್ಲ. ಕಂಟೈನರ್‌ಡಿ ಸರ್ವಿಸ್‌ಗೆ ಒಂದು ಡ್ರಾಪ್-ಇನ್ (ಹೆಚ್ಚುವರಿ ಸೆಟ್ಟಿಂಗ್) ಫೈಲ್ ಮಾಡಿ, ಅದರಲ್ಲಿ ಎಚ್‌ಟಿಟಿಪಿ ಪ್ರಾಕ್ಸಿ, ಎಚ್‌ಟಿಟಿಪಿಎಸ್ ಪ್ರಾಕ್ಸಿ, ನೋ ಪ್ರಾಕ್ಸಿ (ಪ್ರಾಕ್ಸಿ ಬಿಟ್ಟು ನೇರವಾಗಿ ಹೋಗಬೇಕಾದ ವಿಳಾಸಗಳ ಪಟ್ಟಿ) ಮೂರೂ ಕೊಡಿ. ಡೀಮನ್-ರೀಲೋಡ್, ಆಮೇಲೆ ರೀಸ್ಟಾರ್ಟ್. ಓಡುತ್ತಿರುವ ಪಾಡ್‌ಗಳು ಸಾಮಾನ್ಯವಾಗಿ ಬೀಳುವುದಿಲ್ಲ, ಶಿಮ್ ಎಂಬ ಪುಟ್ಟ ಪ್ರೋಗ್ರಾಂ ಅವನ್ನು ಹಿಡಿದುಕೊಂಡಿರುತ್ತದೆ. ಆದರೂ ಒಂದೊಂದೇ ನೋಡ್ ಮಾಡಿ, ಮೂರನ್ನೂ ಒಟ್ಟಿಗೆ ಬೇಡ. ನಂತರ ಸಿಸ್ಟಮ್‌ಸಿಟಿಎಲ್ ಶೋ ಕೊಟ್ಟು ಎನ್ವಿರಾನ್ಮೆಂಟ್ ನಿಜವಾಗಿ ಬಂದಿದೆಯಾ ಅಂತ ಕಣ್ಣಾರೆ ನೋಡಿ. ಪರೀಕ್ಷೆಗೆ ಕರ್ಲ್ ಬೇಡ, ಕ್ರೈಸಿಟಿಎಲ್ ಪುಲ್ ಹೊಡೆಯಿರಿ. ಅದು ಕಂಟೈನರ್‌ಡಿ ಮೂಲಕವೇ ಹೋಗುತ್ತದೆ.

ಪಾಸ್‌ವರ್ಡ್‌ನಲ್ಲಿ @ ಇದ್ದರೆ ಯುಆರ್‌ಎಲ್‌ನಲ್ಲಿ ಅದನ್ನು %40 ಅಂತ ಬರೆಯಬೇಕು, ಇದು ಎಲ್ಲರಿಗೂ ಗೊತ್ತು. ಸಿಸ್ಟಮ್‌ಡಿ ಫೈಲ್‌ನಲ್ಲಿ % ಚಿಹ್ನೆಗೇ ಬೇರೆ ಕೆಲಸ ಇದೆ, ಹಾಗಾಗಿ ಅಲ್ಲಿ %%40 ಆಗಬೇಕು. ಇದು ಗೊತ್ತಿರುವವರು ಕಡಿಮೆ. ನಿಮಗೆ 407 ಬರುತ್ತಿರುವುದರಿಂದ ಇದನ್ನೂ ಒಮ್ಮೆ ನೋಡಿ, ಯಾಕೆಂದರೆ ಅದೇ ಪಾಸ್‌ವರ್ಡ್ ಶೆಲ್‌ನಲ್ಲಿ ಸರಿಯಾಗಿ ನಡೆಯುತ್ತಿದೆ ಅಂದಿದ್ದೀರಿ. ಇನ್ನು ಎಚ್‌ಟಿಟಿಪಿಎಸ್ ಪ್ರಾಕ್ಸಿಗೆ ಕೊಟ್ಟ ವಿಳಾಸದಲ್ಲಿ ನೀವು ಎಚ್‌ಟಿಟಿಪಿಎಸ್ ಅಂತಲೇ ಶುರು ಮಾಡಿದ್ದೀರಿ. 3128 ಪೋರ್ಟ್‌ನಲ್ಲಿ ಕೂತಿರುವ ಸಾಮಾನ್ಯ ಪ್ರಾಕ್ಸಿಗೆ ಅಲ್ಲೂ ಎಚ್‌ಟಿಟಿಪಿ ಅಂತಲೇ ಬರಬೇಕು. ಹೆಸರಿನಲ್ಲಿ ಎಸ್ ಇರುವುದು ಯಾವ ಟ್ರಾಫಿಕ್‌ಗೆ ಅಂತ ಹೇಳಲು, ಪ್ರಾಕ್ಸಿಯ ಹತ್ತಿರ ಹೇಗೆ ಮಾತಾಡಬೇಕು ಅಂತ ಹೇಳಲು ಅಲ್ಲ.

ಈಗ ಆ ಕೆಟ್ಟ ಸಲಹೆ. ಕ್ಲಸ್ಟರ್ ಎಬ್ಬಿಸುವ ಸಾಧನವಾದ ಕ್ಯೂಬ್‌ಎಡಿಎಂಗೆ ಇನಿಟ್ ಕೊಡುವಾಗ ಶೆಲ್‌ನಲ್ಲಿ ಪ್ರಾಕ್ಸಿ ವೇರಿಯಬಲ್‌ಗಳು ಇದ್ದರೆ ಅದು ಸುಮ್ನೆ ಇರುವುದಿಲ್ಲ. ಅವನ್ನು ಎತ್ತಿ ಎಪಿಐ ಸರ್ವರ್ (ಕ್ಲಸ್ಟರ್‌ಗೆ ಬರುವ ಎಲ್ಲ ಕೋರಿಕೆಗಳ ಬಾಗಿಲು), ಕಂಟ್ರೋಲರ್ ಮ್ಯಾನೇಜರ್, ಶೆಡ್ಯೂಲರ್ ಇವುಗಳ ಸ್ಟ್ಯಾಟಿಕ್ ಪಾಡ್ ಮ್ಯಾನಿಫೆಸ್ಟ್‌ಗೆ (ಕ್ಯೂಬ್‌ಲೆಟ್ ನೇರವಾಗಿ ಓದುವ ಫೈಲ್) ಬರೆದುಬಿಡುತ್ತದೆ. ನಮ್ಮದು ಹಾಗೇ ಆಗಿತ್ತು. ನೋ ಪ್ರಾಕ್ಸಿಯಲ್ಲಿ ಲೋಕಲ್‌ಹೋಸ್ಟ್, ನೋಡ್‌ಗಳ ಐಪಿ, ಕ್ಲಸ್ಟರ್ ಡಾಟ್ ಲೋಕಲ್ ಇಷ್ಟೇ ಇತ್ತು. ನೋಡ್‌ಗಳೆಲ್ಲ ರೆಡಿ, ಎಂಜಿನ್‌ಎಕ್ಸ್ ವೆಬ್ ಸರ್ವರ್ ಓಡಿತು, ಎಲ್ಲರಿಗೂ ಖುಷಿ. ಸರ್ಟಿಫಿಕೇಟ್ ನೋಡಿಕೊಳ್ಳುವ ಸರ್ಟ್-ಮ್ಯಾನೇಜರ್ ಹಾಕಿದ ಮೇಲೆ ಶುರುವಾಯಿತು ನೋಡಿ. ಏನು ಅಪ್ಲೈ ಮಾಡಿದರೂ ವೆಬ್‌ಹುಕ್ ಕರೆ (ಬದಲಾವಣೆ ಒಪ್ಪಬಹುದಾ ಅಂತ ಎಪಿಐ ಸರ್ವರ್ ಕೇಳುವ ಕರೆ) ಸೋತಿತು ಅಂತ ಎರರ್. ಪಾಡ್ ಚೆನ್ನಾಗಿಯೇ ಓಡುತ್ತಿದೆ, ಸರ್ವಿಸ್‌ಗೆ ಎಂಡ್‌ಪಾಯಿಂಟ್ ಇದೆ, ಬೇರೆ ಪಾಡ್‌ನಿಂದ ಮುಟ್ಟಿದರೆ ಉತ್ತರ ಕೊಡುತ್ತದೆ. ಫೈರ್‌ವಾಲ್ ಅಂದುಕೊಂಡೆವು. ಪಾಡ್‌ಗಳ ನೆಟ್‌ವರ್ಕ್ ನೋಡಿಕೊಳ್ಳುವ ಕ್ಯಾಲಿಕೋ ಕೆಟ್ಟಿದೆ ಅಂತ ಅದನ್ನು ತೆಗೆದು ಮತ್ತೆ ಹಾಕಿದೆವು. ಸರ್ಟಿಫಿಕೇಟ್ ಮತ್ತೆ ಮಾಡಿದೆವು.

ಕೊನೆಗೆ ಪ್ರಾಕ್ಸಿ ನೋಡಿಕೊಳ್ಳುವವರು ಸ್ಕ್ವಿಡ್‌ನ (ನಮ್ಮ ಪ್ರಾಕ್ಸಿ ಸಾಫ್ಟ್‌ವೇರ್) ಆಕ್ಸೆಸ್ ಲಾಗ್ ತೆರೆದು ತೋರಿಸಿದರು. ಸಾಲುಸಾಲಾಗಿ ಕನೆಕ್ಟ್ ರಿಕ್ವೆಸ್ಟ್, ಪ್ರತಿಯೊಂದರಲ್ಲೂ ನಮ್ಮ ವೆಬ್‌ಹುಕ್ ಸರ್ವಿಸ್‌ನ ಹೆಸರು, ಪಕ್ಕದಲ್ಲಿ 503 ಎರರ್. ಕ್ಲಸ್ಟರ್ ಒಳಗಿನ ಹೆಸರು ಆಫೀಸಿನ ಪ್ರಾಕ್ಸಿ ಲಾಗ್‌ನಲ್ಲಿ! ಆ ಹೆಸರು ಕ್ಲಸ್ಟರ್ ಡಾಟ್ ಲೋಕಲ್ ಅಂತ ಮುಗಿಯುತ್ತಿರಲಿಲ್ಲ, ಡಾಟ್ ಎಸ್‌ವಿಸಿ ಅಂತ ಅಲ್ಲಿಗೇ ನಿಂತಿತ್ತು. ಎಪಿಐ ಸರ್ವರ್ ವೆಬ್‌ಹುಕ್ ಸರ್ವಿಸ್‌ಗಳನ್ನು ಕರೆಯುವುದೇ ಆ ಗಿಡ್ಡ ಹೆಸರಿನಲ್ಲಿ. ನೋ ಪ್ರಾಕ್ಸಿಯಲ್ಲಿ ಡಾಟ್ ಎಸ್‌ವಿಸಿ ಇಲ್ಲ, ಹಾಗಾಗಿ ಎಪಿಐ ಸರ್ವರ್ ತನ್ನ ಮನೆಯವರನ್ನೇ ಹೊರಗಿನವರು ಅಂದುಕೊಂಡು ಪ್ರಾಕ್ಸಿಗೆ ಕಳಿಸುತ್ತಿತ್ತು. ಪ್ರಾಕ್ಸಿಗೆ ಆ ಹೆಸರು ಎಲ್ಲಿ ಗೊತ್ತಿರಬೇಕು ಹೇಳಿ.

ಹಾಗಾಗಿ ನನ್ನ ಪದ್ಧತಿ ಇಷ್ಟೇ: ನೋ ಪ್ರಾಕ್ಸಿ ಸಾಲು ಮೊದಲು ಪೂರ್ತಿ ಬರೆದು, ಆಮೇಲೆ ಪ್ರಾಕ್ಸಿ ವಿಳಾಸಕ್ಕೆ ಕೈ ಹಾಕುತ್ತೇನೆ. ಲೋಕಲ್‌ಹೋಸ್ಟ್, 127.0.0.1, ನೋಡ್‌ಗಳ ನೆಟ್‌ವರ್ಕ್, ಪಾಡ್ ರೇಂಜ್ (ಪಾಡ್‌ಗಳಿಗೆ ಸಿಗುವ ಐಪಿ ವಿಳಾಸಗಳ ವ್ಯಾಪ್ತಿ), ಸರ್ವಿಸ್ ರೇಂಜ್, ಡಾಟ್ ಎಸ್‌ವಿಸಿ, ಡಾಟ್ ಕ್ಲಸ್ಟರ್ ಡಾಟ್ ಲೋಕಲ್, ಎಪಿಐ ಎಂಡ್‌ಪಾಯಿಂಟ್‌ನ ಹೆಸರು, ಆಫೀಸಿನ ಒಳಗಿನ ರಿಜಿಸ್ಟ್ರಿಯ (ಇಮೇಜ್‌ಗಳ ಉಗ್ರಾಣ) ಹೆಸರು. ಕ್ಯೂಬ್‌ಎಡಿಎಂನಲ್ಲಿ ನೀವು ಏನೂ ಬದಲಿಸದಿದ್ದರೆ ಸರ್ವಿಸ್ ರೇಂಜ್ 10.96.0.0/12. ಪಾಡ್ ರೇಂಜ್, ಕ್ಯಾಲಿಕೋ ಥರದ್ದೇ ಆದ ಫ್ಲಾನೆಲ್‌ನ ಮಾಮೂಲಿ ಮ್ಯಾನಿಫೆಸ್ಟ್‌ನಲ್ಲಿ 10.244.0.0/16, ಕ್ಯಾಲಿಕೋದಲ್ಲಿ 192.168.0.0/16. ಕ್ಯಾಲಿಕೋದವರು ಹುಷಾರು, ಮನೆಯ ರೂಟರ್ ಕೂಡ 192.168ರಲ್ಲೇ ಇದ್ದರೆ ಎರಡೂ ಗುದ್ದಾಡುತ್ತವೆ. ಅದು ಪ್ರಾಕ್ಸಿ ತೊಂದರೆ ಅಲ್ಲ, ಆದರೆ ನೋಡಲು ಹಾಗೇ ಕಾಣುತ್ತದೆ.

ರಿಜಿಸ್ಟ್ರಿಯ ಹೆಸರು ಯಾಕೆ ಬೇಕು, ಅದರ ಐಪಿ ಹೇಗೂ ನೋಡ್ ರೇಂಜ್‌ನಲ್ಲೇ ಇದೆಯಲ್ಲ ಅಂತ ಕೇಳಬೇಡಿ. ಗೋ ಭಾಷೆಯ ಪ್ರೋಗ್ರಾಂಗಳು (ಕುಬರ್ನೆಟೀಸ್, ಕಂಟೈನರ್‌ಡಿ ಎರಡೂ ಅದರಲ್ಲೇ ಬರೆದವು) ನೋ ಪ್ರಾಕ್ಸಿ ನೋಡುವಾಗ ಡಿಎನ್‌ಎಸ್ (ಹೆಸರಿಗೆ ಐಪಿ ಹೇಳುವ ವ್ಯವಸ್ಥೆ) ಕೇಳುವುದಿಲ್ಲ. ಯುಆರ್‌ಎಲ್‌ನಲ್ಲಿ ಐಪಿ ಇದ್ದರೆ ಮಾತ್ರ ರೇಂಜ್ ಲೆಕ್ಕಕ್ಕೆ ಬರುತ್ತದೆ, ಹೆಸರು ಇದ್ದರೆ ಹೆಸರನ್ನೇ ಹೋಲಿಸುತ್ತದೆ. ಕರ್ಲ್ ಬೇರೆ ಜಾತಿ: 7.86 ಬರುವ ತನಕ ಅದಕ್ಕೆ ರೇಂಜ್ ಅರ್ಥವೇ ಆಗುತ್ತಿರಲಿಲ್ಲ. ಹಳೆಯ ಉಬುಂಟುವಿನಲ್ಲಿ ಕರ್ಲ್ ಸೋತರೆ ಕ್ಲಸ್ಟರ್ ಕೆಟ್ಟಿದೆ ಅಂತ ಅಲ್ಲ. ನಕ್ಷತ್ರ ಚಿಹ್ನೆಯೂ ಗೋದಲ್ಲಿ ನಡೆಯುತ್ತದೆ, ಕರ್ಲ್‌ನಲ್ಲಿ ಇಲ್ಲ. ಮುಂದೆ ಬರೀ ಚುಕ್ಕೆ ಇಡಿ, ಎರಡಕ್ಕೂ ಆಗುತ್ತದೆ. ಕಾಮಾ ಆದ ಮೇಲೆ ಸ್ಪೇಸ್ ಬಿಡಬೇಡಿ. ದೊಡ್ಡಕ್ಷರ, ಸಣ್ಣಕ್ಷರ ಎರಡರಲ್ಲೂ ಬರೆಯಿರಿ. 2016ರ ಎಚ್‌ಟಿಟಿಪಾಕ್ಸಿ ಗಲಾಟೆ (ಹೊರಗಿನವರು ರಿಕ್ವೆಸ್ಟ್ ಹೆಡರ್ ಮೂಲಕ ದೊಡ್ಡಕ್ಷರದ ಪ್ರಾಕ್ಸಿ ವೇರಿಯಬಲ್ ತುರುಕಬಹುದಾಗಿದ್ದ ದೋಷ) ನೆನಪಿದೆಯಲ್ಲ, ಆ ಥರದ ಅಪಾಯಕ್ಕೇ ಕರ್ಲ್ ಎಚ್‌ಟಿಟಿಪಿ ಪ್ರಾಕ್ಸಿಯನ್ನು ಸಣ್ಣಕ್ಷರದಲ್ಲಿ ಮಾತ್ರ ಓದುತ್ತದೆ.

ಕ್ಲಸ್ಟರ್ ಈಗಾಗಲೇ ಎದ್ದಿದ್ದರೆ ರೀಸೆಟ್ ಮಾಡುವ ಅಗತ್ಯವೇ ಇಲ್ಲ. ಪ್ರತಿ ಕಂಟ್ರೋಲ್ ಪ್ಲೇನ್ (ಕ್ಲಸ್ಟರ್ ನಡೆಸುವ) ನೋಡ್‌ನಲ್ಲಿ ಎಪಿಐ ಸರ್ವರ್ ಮ್ಯಾನಿಫೆಸ್ಟ್ ತೆರೆದು ಆ ಸಾಲು ಸರಿಮಾಡಿ, ಕ್ಯೂಬ್‌ಲೆಟ್ ತಾನೇ ಪಾಡ್ ಮತ್ತೆ ಎಬ್ಬಿಸುತ್ತದೆ. ಬ್ಯಾಕಪ್ ಪ್ರತಿಯನ್ನು ಅದೇ ಫೋಲ್ಡರ್‌ನಲ್ಲಿ ಇಡಬೇಡಿ ಮತ್ತೆ, ಕ್ಯೂಬ್‌ಲೆಟ್ ಅದನ್ನೂ ಓದುತ್ತದೆ. ಮುಂದೆ ಅಪ್‌ಗ್ರೇಡ್ ಮಾಡುವಾಗ ಮ್ಯಾನಿಫೆಸ್ಟ್ ಹೊಸದಾಗಿ ಬರೆಯಲಾಗುತ್ತದೆ, ಆಗ ಶೆಲ್‌ನಲ್ಲಿ ಏನಿದೆಯೋ ಅದೇ ಒಳಗೆ ಹೋಗುತ್ತದೆ. ಸುಡೋ ಬಳಸಿದರೆ ವೇರಿಯಬಲ್ ಸಾಮಾನ್ಯವಾಗಿ ಕಳಚಿಹೋಗುತ್ತದೆ, ಅದೂ ಗಮನದಲ್ಲಿರಲಿ. ಪುಣೆಯಲ್ಲಿ ಗುರುವಾರ ಕರೆಂಟ್ ತೆಗೆಯುವುದು ನಿಮಗೆ ಗೊತ್ತೇ ಇದೆ. ಮನೆಯ ಲ್ಯಾಬ್‌ನವರು ಕೈಯಿಂದ ಎಕ್ಸ್‌ಪೋರ್ಟ್ ಮಾಡಿ ಬಿಟ್ಟಿದ್ದರೆ ಕರೆಂಟ್ ಬಂದ ಮೇಲೆ ಏನೂ ಉಳಿದಿರುವುದಿಲ್ಲ. ಒಂದು ಸಲ ನೀವೇ ರೀಬೂಟ್ ಮಾಡಿ ನೋಡಿಕೊಳ್ಳಿ.

ಎಕ್ಸ್509, ಅಪರಿಚಿತ ಅಥಾರಿಟಿ ಅಂತ ಸರ್ಟಿಫಿಕೇಟ್ ಎರರ್ ಬಂದರೆ ನಿಮ್ಮ ಪ್ರಾಕ್ಸಿ ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಬಿಚ್ಚಿ ನೋಡುತ್ತಿರಬಹುದು. ಕಂಪನಿಯ ರೂಟ್ ಸರ್ಟಿಫಿಕೇಟ್ ನೋಡ್‌ಗೆ ಸೇರಿಸಿ ಕಂಟೈನರ್‌ಡಿ ರೀಸ್ಟಾರ್ಟ್ ಮಾಡಿ. ಇನ್‌ಸೆಕ್ಯೂರ್ ಸ್ಕಿಪ್ ವೆರಿಫೈ (ಸರ್ಟಿಫಿಕೇಟ್ ಪರೀಕ್ಷೆಯನ್ನೇ ಬಿಡುವ ಸೆಟ್ಟಿಂಗ್) ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪಾಡ್ ಒಳಗಿನ ಆ್ಯಪ್ ಹೊರಗೆ ಹೋಗಬೇಕಿದ್ದರೆ ಅದಕ್ಕೆ ಸರ್ಟಿಫಿಕೇಟ್ ಬೇರೆಯಾಗಿಯೇ ಕೊಡಬೇಕು, ನೋಡ್‌ನದು ಇಮೇಜ್ ಒಳಗೆ ಇಳಿಯುವುದಿಲ್ಲ. ಪ್ರಾಕ್ಸಿ ವೇರಿಯಬಲ್‌ಗಳನ್ನೂ ಹೊರಗೆ ಹೋಗುವ ಪಾಡ್‌ಗೆ ಮಾತ್ರ ಕೊಡಿ, ಎಲ್ಲಕ್ಕೂ ಹಂಚಬೇಡಿ. ಪಾಸ್‌ವರ್ಡ್ ಕುಬರ್ನೆಟೀಸ್‌ನ ಸೀಕ್ರೆಟ್‌ನಲ್ಲಿರಲಿ.

ಹೊಸದಾಗಿ ಶುರು ಮಾಡುವವರಿಗೆ ನಾನು ಕೆ3ಎಸ್ (ಹಗುರವಾದ ಕುಬರ್ನೆಟೀಸ್) ಹೇಳುತ್ತೇನೆ. ಇನ್‌ಸ್ಟಾಲ್ ಮಾಡುವಾಗ ಶೆಲ್‌ನಲ್ಲಿರುವ ಪ್ರಾಕ್ಸಿಯನ್ನು ಸರ್ವಿಸ್‌ನ ಎನ್ವ್ ಫೈಲ್‌ಗೆ ತಾನೇ ಬರೆದುಕೊಳ್ಳುತ್ತದೆ, ಕ್ಲಸ್ಟರ್ ಒಳಗಿನ ರೇಂಜ್‌ಗಳನ್ನು ನೋ ಪ್ರಾಕ್ಸಿಗೆ ತಾನೇ ಸೇರಿಸುತ್ತದೆ. ಕಂಟೈನರ್‌ಡಿಗೆ ಮಾತ್ರ ಪ್ರಾಕ್ಸಿ ಕೊಡಲು ಬೇರೆ ವೇರಿಯಬಲ್ ಕೂಡ ಇದೆ, ನನಗೆ ಅದೇ ಹೆಚ್ಚು ಇಷ್ಟ. ಆಫೀಸಿನಲ್ಲಿ ಹತ್ತಾರು ನೋಡ್ ಇದ್ದರೆ ಹಾರ್ಬರ್ (ಆಫೀಸಿನಲ್ಲೇ ಇಟ್ಟುಕೊಳ್ಳಬಹುದಾದ ರಿಜಿಸ್ಟ್ರಿ) ಹಾಕಿ ಅದರ ಪ್ರಾಕ್ಸಿ ಕ್ಯಾಷ್ ಬಳಸಿ. ಆಗ ಹೊರಗೆ ಹೋಗುವುದು ಹಾರ್ಬರ್ ಒಂದೇ, ಹೊರಗಿನ ರಿಜಿಸ್ಟ್ರಿಯಾದ ಡಾಕರ್ ಹಬ್‌ನ ಪುಲ್ ಮಿತಿಯ ತಲೆನೋವೂ ಕಡಿಮೆ. ಪ್ರಾಕ್ಸಿ ಟೀಮ್‌ಗೆ ಯಾವ ಡೊಮೈನ್ ಬಿಡಬೇಕು ಅಂತ ಪಟ್ಟಿ ಕೊಡುವವರು ನೆನಪಿಡಿ: ಕುಬರ್ನೆಟೀಸ್‌ನ ರಿಜಿಸ್ಟ್ರಿ ಬೇರೆ ಕ್ಲೌಡ್ ವಿಳಾಸಗಳಿಗೆ ರೀಡೈರೆಕ್ಟ್ ಮಾಡುತ್ತದೆ, ಆ ವಿಳಾಸಗಳು ಬದಲಾಗಬಹುದು. ಅದಕ್ಕೂ ಹಾರ್ಬರ್ ಇದ್ದರೆ ಒಳ್ಳೆಯದು.

ಸರ್, ಕಂಟೈನರ್‌ಡಿಯ ಸಿಸ್ಟಮ್‌ಸಿಟಿಎಲ್ ಶೋ ಔಟ್‌ಪುಟ್ ಮತ್ತು ಎಪಿಐ ಸರ್ವರ್ ಮ್ಯಾನಿಫೆಸ್ಟ್‌ನ ಎನ್ವ್ ಭಾಗ, ಎರಡನ್ನೂ ಇಲ್ಲಿ ಹಾಕಿ. ಪಾಸ್‌ವರ್ಡ್ ಅಳಿಸಿ ಹಾಕಿ. ನೋಡಿ ಹೇಳುತ್ತೇನೆ.