ಕಾಫ್ಕಾ ಕನೆಕ್ಟ್: ಫೈಲ್ ತಿದ್ದಿದರೂ ಹಳೆಯ ಸೆಟ್ಟಿಂಗೇ ಓಡುತ್ತಿದ್ದರೆ

ಕಾಫ್ಕಾ ಕನೆಕ್ಟ್ ಎಂದರೆ ಡೇಟಾಬೇಸ್‌ನಂಥ ಬೇರೆ ವ್ಯವಸ್ಥೆಗಳಿಗೂ ಕಾಫ್ಕಾಗೂ ನಡುವೆ ಡೇಟಾ ಸಾಗಿಸುವ ಸಾಧನ; ಆ ಕೆಲಸ ಮಾಡುವ ಜೋಡಣೆಯೇ ಕನೆಕ್ಟರ್. ಕನೆಕ್ಟರ್‌ನ ಜೇಸನ್ ಫೈಲ್ ತಿದ್ದಿ ವರ್ಕರ್ (ಕನೆಕ್ಟರ್ ಓಡಿಸುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿದರೂ ಹೊಸ ಟೇಬಲ್ ಬರುತ್ತಿಲ್ಲ, ಮತ್ತೆ ಪೋಸ್ಟ್ (ಹೊಸದನ್ನು ಸೃಷ್ಟಿಸುವ ಎಚ್‌ಟಿಟಿಪಿ ವಿನಂತಿ) ಮಾಡಿದರೆ 409 (ಸಂಘರ್ಷ ಎಂಬ ದೋಷ ಸಂಖ್ಯೆ) ಬರುತ್ತಿದೆ ಎಂದಿದ್ದೀರಿ. ಡಿಸ್ಟ್ರಿಬ್ಯೂಟೆಡ್ ಮೋಡ್‌ನಲ್ಲಿ (ವರ್ಕರ್‌ಗಳು ಗುಂಪಾಗಿ ಕೆಲಸ ಹಂಚಿಕೊಳ್ಳುವ ವಿಧಾನ) ವರ್ಕರ್ ಆ ಫೈಲನ್ನು ಓದುವುದೇ ಇಲ್ಲ. ಕನೆಕ್ಟರ್ ಸೆಟ್ಟಿಂಗ್ ಇರುವುದು ಕಾಫ್ಕಾದೊಳಗಿನ ಕಾನ್ಫಿಗ್ ಟಾಪಿಕ್‌ನಲ್ಲಿ (ಸೆಟ್ಟಿಂಗ್ ಸಂದೇಶಗಳನ್ನು ಉಳಿಸಿಡುವ ಜಾಗ). ಪೋಸ್ಟ್ ಹೊಸ ಕನೆಕ್ಟರಿಗೆ ಮಾತ್ರ, ಅದೇ ಹೆಸರು ಮೊದಲೇ ಇದ್ದರೆ 409.

ಪೋರ್ಟ್ 8083ರಲ್ಲಿ '/ಕನೆಕ್ಟರ್ಸ್/ನಿಮ್ಮ-ಹೆಸರು/ಕಾನ್ಫಿಗ್' ವಿಳಾಸಕ್ಕೆ ಪುಟ್ (ಇರುವುದನ್ನು ಬದಲಿಸುವ ವಿನಂತಿ) ಕಳಿಸಿ. ಬಹಳ ಜನ ಎಡವುವುದು ಇಲ್ಲೇ: ಪೋಸ್ಟ್‌ನಲ್ಲಿದ್ದ 'ನೇಮ್', 'ಕಾನ್ಫಿಗ್' ಎಂಬ ಹೊರ ಹೊದಿಕೆ ಪುಟ್‌ಗೆ ಬೇಡ, ಒಳಗಿನ ಸಾಲುಗಳಷ್ಟೇ ಸಾಕು. ಪುಟ್ ಇಡೀ ಕಾನ್ಫಿಗನ್ನೇ ಬದಲಿಸುತ್ತದೆ, ಬಿಟ್ಟ ಸಾಲು ಹೋದಂತೆಯೇ. ಆದ್ದರಿಂದ ಮೊದಲು ಅದೇ ವಿಳಾಸದಿಂದ ಗೆಟ್ (ಓದುವ ವಿನಂತಿ) ಮಾಡಿ, ಬಂದದ್ದನ್ನು ಉಳಿಸಿಟ್ಟು ಅದನ್ನೇ ತಿದ್ದಿ.

ಇನ್ನೊಂದು, ನಿಮ್ಮದು ಡೆಬೀಜಿಯಮ್ ಪೋಸ್ಟ್‌ಗ್ರೆಸ್ ಕನೆಕ್ಟರ್ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬದಲಾವಣೆಗಳನ್ನು ಕಾಫ್ಕಾಗೆ ಕಳಿಸುವಂಥದ್ದು) ಆಗಿದ್ದರೆ ಟೇಬಲ್ ಪಟ್ಟಿಯಲ್ಲಿ ಸ್ಕೀಮಾ (ಟೇಬಲ್‌ಗಳ ಗುಂಪಿನ ಹೆಸರು) ಸಮೇತ, ಉದಾಹರಣೆಗೆ 'ಪಬ್ಲಿಕ್.ಆರ್ಡರ್ಸ್' ಎಂದೇ ಬರೆಯಬೇಕು. ಬರೀ 'ಆರ್ಡರ್ಸ್' ಹೊಂದುವುದಿಲ್ಲ.