68ರ ಅಪ್ಪನ ಕಾಲಿಗೆ ಬಲ ಬರಲು ಆಂಟಿಆಕ್ಸಿಡೆಂಟ್ ಮಾತ್ರೆ ಕೊಡಿಸಬೇಕಾ?

ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಅಪ್ಪನಿಗೆ 68, ತೋಟದಿಂದ ಮನೆಗೆ ಏರು ಹತ್ತುವಾಗ ತೊಡೆ ಸೋಲುತ್ತದೆ. ವಿಟಮಿನ್ ಸಿ, ಇ ಜಾಸ್ತಿ ಇರುವ ಮಾತ್ರೆ ನುಂಗಿದರೆ ಮೈಟೊಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗ) ಸರಿಹೋಗುತ್ತಾ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ಆ ದುಡ್ಡು ಉಳಿಸಿ, ಅಪ್ಪನ ತೊಡೆಗೆ ಕೆಲಸ ಕೊಡಿ ಅಂತಲೇ ಹೇಳುತ್ತೇನೆ.

ಮಾಂಸಖಂಡಕ್ಕೆ ಬೇಕಾದ ಶಕ್ತಿಯ ಹೆಚ್ಚು ಪಾಲು ತಯಾರಾಗುವುದು ಮೈಟೊಕಾಂಡ್ರಿಯಾದಲ್ಲಿ. ಆಗ ಒಂದಿಷ್ಟು ಎಲೆಕ್ಟ್ರಾನ್ ಸೋರಿ ಆಮ್ಲಜನಕಕ್ಕೆ ಸೇರುತ್ತದೆ, ಫ್ರೀ ರಾಡಿಕಲ್ ಹುಟ್ಟುತ್ತದೆ, ಅಂದರೆ ಹೆಚ್ಚಾದರೆ ಜೀವಕೋಶವನ್ನು ಕೆಡಿಸಬಲ್ಲ ಚುರುಕು ಕಣ. ವಯಸ್ಸಾದಂತೆ, ಅದರಲ್ಲೂ ಮೈ ಬಗ್ಗಿಸದಿದ್ದರೆ, ಕೆಟ್ಟ ಮೈಟೊಕಾಂಡ್ರಿಯಾ ತೆಗೆದು ಹೊಸದು ಕಟ್ಟುವ ಕೆಲಸ ನಿಧಾನವಾಗುತ್ತದೆ. ಮುಪ್ಪಿಗೆ ಫ್ರೀ ರಾಡಿಕಲ್ ಕಾರಣ ಎಂದು ಅಮೆರಿಕದ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲೇ ಹೇಳಿದ್ದರು. ವಿಟಮಿನ್ ಸಿ, ಇ ತರಹದ ಆಂಟಿಆಕ್ಸಿಡೆಂಟ್ ಈ ಫ್ರೀ ರಾಡಿಕಲ್ ಅನ್ನು ತಣಿಸುತ್ತದೆ ಅಂತ ಹೇಳಿ ಮಾತ್ರೆ ಮಾರುವವರು ಇಲ್ಲಿಗೇ ಕಥೆ ನಿಲ್ಲಿಸುತ್ತಾರೆ.

ಆದರೆ ವ್ಯಾಯಾಮ ಮಾಡುವಾಗ ಹುಟ್ಟುವ ಫ್ರೀ ರಾಡಿಕಲ್ಲೇ ಜೀವಕೋಶಕ್ಕೆ ಸುದ್ದಿ ಮುಟ್ಟಿಸುವುದು: ಕೆಲಸ ಹೆಚ್ಚಿದೆ, ಹೊಸ ಮೈಟೊಕಾಂಡ್ರಿಯಾ ಬೇಕು ಅಂತ. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಯುವಕರು 4 ವಾರ ವ್ಯಾಯಾಮ ಮಾಡಿದರು. ಕೆಲವರಿಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ ಕೊಟ್ಟರು. ಮಾತ್ರೆ ನುಂಗದವರಲ್ಲಿ ಇನ್ಸುಲಿನ್ ಕೆಲಸ ಸುಧಾರಿಸಿತು, ಫ್ರೀ ರಾಡಿಕಲ್ ವಿರುದ್ಧ ದೇಹದ ಸ್ವಂತ ರಕ್ಷಣೆಯೂ ಹೆಚ್ಚಿತು. ನುಂಗಿದವರಲ್ಲಿ ಆ ಲಾಭ ಕಾಣಲಿಲ್ಲ! ಮುಂದಿನ ಎಲ್ಲ ಅಧ್ಯಯನಗಳಲ್ಲೂ ಇದೇ ಫಲ ಬಂದಿಲ್ಲ ನಿಜ. ಆದರೂ ದೊಡ್ಡ ಡೋಸ್ ನನಗೆ ಒಪ್ಪಿಗೆಯಿಲ್ಲ. ಊಟದ ಜೊತೆ ನೆಲ್ಲಿಕಾಯಿ ತಿಂದರೆ ಏನೂ ತೊಂದರೆ ಇಲ್ಲ.

'ಅಪ್ಪ ದಿನವಿಡೀ ತೋಟದಲ್ಲಿ ಓಡಾಡ್ತಾರಲ್ಲ' ಅಂತೀರಿ. ಓಡಾಟ ಒಳ್ಳೆಯದೇ, ಆದರೆ ಅಷ್ಟೇ ಸಾಲದು. ವಯಸ್ಸಿಗೆ ಹೆಚ್ಚು ಸಣ್ಣಗಾಗುವುದು ಭಾರ ಎತ್ತಲು, ತಟ್ಟನೆ ಏಳಲು ಬೇಕಾದ ಮಾಂಸಖಂಡದ ಎಳೆಗಳು. ಅವಕ್ಕೆ ಭಾರವೇ ಬೇಕು. 1990ರಲ್ಲಿ ಬಾಸ್ಟನ್‌ನಲ್ಲಿ 90ರ ಆಸುಪಾಸಿನ ಅಶಕ್ತರಿಗೆ 8 ವಾರ ಭಾರದ ವ್ಯಾಯಾಮ ಮಾಡಿಸಿದಾಗ ಕಾಲಿನ ಬಲ ಸರಾಸರಿ 174% ಹೆಚ್ಚಿತು. ನಿಮ್ಮ ಅಪ್ಪನಿಗೆ ಇನ್ನೂ 68, ಅಲ್ವಾ?

ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, 8-10 ಸಲ, ವಾರಕ್ಕೆ 2-3 ದಿನ. ಸುಲಭವಾದ ಮೇಲೆ ಕೈಯಲ್ಲಿ ಸ್ವಲ್ಪ ತೂಕ. ಮಳೆಗಾಲದಲ್ಲಿ ಜಾರುವ ಏರು ಬೇಡ, ಜಗಲಿಯ ಮೆಟ್ಟಿಲೇ ಸಾಕು. ಊಟದಲ್ಲಿ ಹುರುಳಿ, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಇರಲಿ. ಏರಿನಲ್ಲಿ ಎದೆ ಬಿಗಿದರೆ, ಉಸಿರು ಕಟ್ಟಿದರೆ, ಅಥವಾ ಒಂದೇ ಕಾಲು ಸೋಲುತ್ತಿದ್ದರೆ ಇದ್ಯಾವುದನ್ನೂ ಶುರು ಮಾಡದೆ ಮೊದಲು ಡಾಕ್ಟರಿಗೆ ತೋರಿಸಿ.